ತಂತಿ ಕಡಿದವರ ಸುವರ್ಣ ಮಹೋತ್ಸವ

ಮಂತ್ರಿಗಳು ರಿಬ್ಬನ್ ಕತ್ತರಿಸುವ ಬದಲು ತಂತಿ ಕತ್ತರಿಸಿದರೆ ಹೇಗೆ ಎಂಬ ಯೋಚನೆ ಪುರಸಭೆಯ ಅಧ್ಯಕ್ಷರಿಗೆ ಹೊಳೆದದ್ದು ಸಮಾರಂಭದ ದಿನ ಬೆಳಿಗ್ಗೆ, ಹಲ್ಲುಜ್ಜುವಾಗ. ಬಾಯಿ ತುಂಬ ನೊರೆ ಇದ್ದುದರಿಂದ ಹೆಂಡತಿಯ ಹತ್ತಿರ ಹೇಳಲಾಗಲಿಲ್ಲ. ಹೇಳಿದ್ದರೆ ಆಕೆ ಬೇಡ ಎನ್ನುತ್ತಿದ್ದರು, ಪುರಸಭೆಯ ವೈರ್‌ಮನ್ ಬದುಕಿಕೊಳ್ಳುತ್ತಿದ್ದ. ಅಧ್ಯಕ್ಷರು ಬಾಯಿ ಮುಕ್ಕಳಿಸಿದವರೇ ನೇರವಾಗಿ ಅವನಿಗೆ ಹೇಳಿಕಳಿಸಿದರು.

ಆ ಊರಿಗೆ ಸ್ವಾತಂತ್ರ್ಯ ಚಳವಳಿಯಲ್ಲಿ ಒಂದು ಪಾತ್ರವಿತ್ತು. ಪಾತ್ರ ಏನೆಂದರೆ, ಚಲೇಜಾವ್ ಚಳವಳಿಯ ಕಾಲದಲ್ಲಿ ಊರಿಗೆ ಬರುತ್ತಿದ್ದ ಟೆಲಿಗ್ರಾಫ್ ತಂತಿಯನ್ನು ಊರಿನವರು ಮತ್ತೆ ಮತ್ತೆ ಕಡಿದಿದ್ದರು. ಪಕ್ಕದ ಊರಿನವರು, "ಹಾಗಾದರೆ ನಿಮ್ಮೂರಿನಲ್ಲಿ ಒಬ್ಬರಾದರೂ ಜೈಲಿಗೆ ಹೋಗಿಲ್ಲವಲ್ಲ, ಯಾಕೆ?" ಎಂದು ಕೇಳಿದರೆ ಇವರ ಹತ್ತಿರ ಉತ್ತರ ತಯಾರಿತ್ತು. ತಂತಿಯೇ ಇಲ್ಲದ ಮೇಲೆ ಬಂಧಿಸಿ ಎಂಬ ಹುಕುಂ ಹೇಗೆ ಬರಬೇಕು? ಹುಕುಂ ಬಾರದಿದ್ದರೆ ಪೊಲೀಸರು ಹೇಗೆ ಬರಬೇಕು? ಜೈಲಿಗೆ ಯಾರೂ ಹೋಗದಿದ್ದುದೇ ತಂತಿ ಕಡಿದದ್ದಕ್ಕೆ ಸಾಕ್ಷಿ. ಈ ವಾದದ ಮುಂದೆ ಪಕ್ಕದ ಊರಿನವರು ತಲೆ ಕೆರೆದುಕೊಳ್ಳುತ್ತ ತಮ್ಮೂರಿನ ದಾರಿ ಹಿಡಿಯುತ್ತಿದ್ದರು.

ಕಡಿದವರು ಯಾರು ಎಂಬುದು ಮಾತ್ರ ಮೊದಮೊದಲು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆ ತಲೆಮಾರಿನ ಹಿರಿಯರು ಒಬ್ಬೊಬ್ಬರಾಗಿ ಕಣ್ಣು ಮುಚ್ಚುತ್ತ ಹೋದ ಹಾಗೆ ಗೊತ್ತಾಗತೊಡಗಿತು. ಸತ್ತವರ ಸಂಖ್ಯೆ ಹೆಚ್ಚಿದಷ್ಟೂ ತಂತಿ ಕಡಿದವರ ಸಂಖ್ಯೆಯೂ ಹೆಚ್ಚಿತು. ಸುವರ್ಣ ಮಹೋತ್ಸವದ ಹೊತ್ತಿಗೆ ಮುಖ್ಯ ರಸ್ತೆಯಲ್ಲಿ ತಂತಿ ಕಡಿಯದ ಮನೆತನವೇ ಉಳಿದಿರಲಿಲ್ಲ.

ಒಂದನ್ನು ಬಿಟ್ಟು. ಅದು ವೈರ್‌ಮನ್‌ನ ಮನೆತನ. ಅವನ ತಾತ ಆಗ ಟೆಲಿಗ್ರಾಫ್ ಇಲಾಖೆಯಲ್ಲಿ ಲೈನ್‌ಮನ್. ಊರೆಲ್ಲ ಸೇರಿ ಕಡಿದ ತಂತಿಯನ್ನು ಪ್ರತಿ ಸಲವೂ ಏಣಿ ಹೊತ್ತುಕೊಂಡು ಹೋಗಿ ಕೂಡಿಸಿ ಬಂದವನು ಅವನೇ. ಇದಕ್ಕೆ ಮಾತ್ರ ಕಣ್ಣಾರೆ ಕಂಡ ಸಾಕ್ಷಿಗಳು ಬೇಕಾದಷ್ಟಿದ್ದರು, ಯಾಕೆಂದರೆ ಅವನು ಕೂಡಿಸುತ್ತಿದ್ದುದು ಹಗಲಲ್ಲಿ. ಬಿಳಿಯರ ಬಾಲ ಎಂಬ ಹೆಸರು ತಾತನಿಗೆ ಬಂತು. ಅವನು ಹೋದ ಮೇಲೆ ಆ ಹೆಸರು ಅಪ್ಪನಿಗೆ ಬಂತು. ಅಪ್ಪ ತಲೆ ತಗ್ಗಿಸಿಕೊಂಡೇ ಓಡಾಡಿ, ತಲೆ ತಗ್ಗಿಸಿಕೊಂಡೇ ತೀರಿಕೊಂಡ. ಈಗ ಅದು ಮೊಮ್ಮಗನ ಪಾಲಿಗಿತ್ತು.

ಮೊಮ್ಮಗ ಪುರಸಭೆಯಲ್ಲಿ ಬೀದಿದೀಪದ ವೈರ್‌ಮನ್. ಅದೂ ತಾತ್ಕಾಲಿಕ. ಮದುವೆಯಾದಾಗ ತಾತ್ಕಾಲಿಕ, ಮಗಳು ಹುಟ್ಟಿದಾಗ ತಾತ್ಕಾಲಿಕ, ಮಗಳು ಶಾಲೆಗೆ ಸೇರಿದಾಗಲೂ ತಾತ್ಕಾಲಿಕ. ಅವನ ಮಾವನವರು ಬಂಧುಗಳಿಗೆ ಪರಿಚಯ ಮಾಡಿಕೊಡುವಾಗ, "ಇವರು ನಮ್ಮ ಟೆಂಪೊರರಿ ಅಳಿಯಂದಿರು" ಎನ್ನುತ್ತಿದ್ದರು. ಹಾಗೆಂದು ಅವರು ನಕ್ಕರೆ ಅವನೂ ನಗಬೇಕಾಗಿತ್ತು.

"ನೋಡಪ್ಪಾ," ಎಂದರು ಅಧ್ಯಕ್ಷರು, ಅವನು ಓಡಿಬಂದು ನಿಂತ ಕೂಡಲೇ. ಜೇಬಿನಿಂದ ಒಂದು ಲಕೋಟೆ ತೆಗೆದು ಅವನ ಮೂಗಿನ ಮುಂದೆ ಆಡಿಸಿದರು. "ಇದರಲ್ಲಿ ಏನಿದೆ ಗೊತ್ತಾ? ನಿನ್ನ ಕಾಯಂ ಆದೇಶ. ಸಹಿ ಆಗಿದೆ, ಮೊಹರು ಬಿದ್ದಿದೆ. ಇವತ್ತು ಸಮಾರಂಭದಲ್ಲಿ ಮಂತ್ರಿಗಳ ಕೈಯಿಂದಲೇ ಕೊಡಿಸ್ತೀನಿ."

ವೈರ್‌ಮನ್ ಕೈ ಮುಗಿಯಲು ಹೋದ. ಕೈಯಲ್ಲಿ ಕಟಿಂಗ್ ಪ್ಲೇಯರ್ ಇತ್ತು, ಅದರ ಸಮೇತ ಮುಗಿದ.

"ಆದ್ರೆ ಒಂದು ಮಾತು. ಮಂತ್ರಿಗಳು ತಂತಿ ಕತ್ತರಿಸ್ಬೇಕು. ಮೈದಾನದಲ್ಲಿ ಎರಡು ಕಂಬ ನಿಲ್ಲಿಸು, ಮಧ್ಯೆ ಆ ಕಾಲದ್ದೇ ಅನ್ನೋ ಹಾಗೆ ಒಂದು ತಂತಿ ಎಳಿ. ಒಂದೇ ಒಂದು ತಕರಾರು ಬರಬಾರದು. ಬಂತೋ, ಈ ಲಕೋಟೆ ಮತ್ತೆ ನನ್ನ ಜೇಬಿಗೆ ಬರುತ್ತೆ. ನಿನ್ನ ಜಾಗಕ್ಕೆ ಯಾರು ಕಾಯ್ತಿದಾರೆ ಅಂತ ನಿನಗೂ ಗೊತ್ತು."

ಗೊತ್ತಿಲ್ಲದೆ ಏನು. ಕಾಯುತ್ತಿದ್ದವನು ಅಧ್ಯಕ್ಷರ ಬಾಮೈದ. ಅಕ್ಕನ ಮನೆಯಲ್ಲಿ ಬಿಟ್ಟಿ ಊಟ ಮಾಡಿಕೊಂಡಿದ್ದ ಅವನನ್ನು ಎಲ್ಲಾದರೂ ಹಚ್ಚಬೇಕೆಂದು ಅಕ್ಕ ದಿನವೂ ಗಂಡನ ಜೀವ ತಿನ್ನುತ್ತಿದ್ದರು. ಬಾಮೈದನಿಗೆ ವೈರ್‌ಮನ್ ಆಗಲು ಎಲ್ಲ ಯೋಗ್ಯತೆಯೂ ಇತ್ತು. ಕಂಬ ಹತ್ತಿದರೆ ತಲೆ ಸುತ್ತುತ್ತಿತ್ತು, ಅಷ್ಟೇ.

ಪುರಸಭೆಯ ಉಗ್ರಾಣದಲ್ಲಿ ತಂತಿ ಇರಲಿಲ್ಲ. ಹೋದ ವರ್ಷ ಲಾರಿಯಲ್ಲಿ ಬಂದಿಳಿದದ್ದನ್ನು ಎಲ್ಲರೂ ನೋಡಿದ್ದರು, ಆಮೇಲೆ ಅದನ್ನು ಯಾರೂ ನೋಡಿರಲಿಲ್ಲ. ಬೇರೆ ದಾರಿ ಕಾಣದೆ ವೈರ್‌ಮನ್ ಮನೆಗೆ ಓಡಿದ. ಹಿತ್ತಿಲಿನಲ್ಲಿ ತಾತನ ಕಾಲದ ದಪ್ಪ ತಂತಿಯೊಂದನ್ನು ಬಟ್ಟೆ ಒಣಗಿಸಲು ಕಟ್ಟಿದ್ದರು. ಹೆಂಡತಿ ಆಗಷ್ಟೇ ಒಗೆದ ಬಟ್ಟೆಗಳನ್ನೆಲ್ಲ ಹರವಿ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು.

"ರೀ, ಏನ್ ಮಾಡ್ತಿದೀರಾ? ಒದ್ದೆ ಬಟ್ಟೆ ಮಣ್ಣಿಗೆ ಬೀಳುತ್ತೆ!"

"ಬೀಳ್ಲಿ ಬಿಡೇ. ಸಂಜೆ ಹೊತ್ತಿಗೆ ನಾನು ಕಾಯಂ."

ಅವಳು ಒಂದು ಕ್ಷಣ ಅವನ ಮುಖ ನೋಡಿದಳು. ಆಮೇಲೆ ತಾನೇ ಬಟ್ಟೆಗಳನ್ನು ಬಾಚಿ ತೋಳಿಗೆ ಹಾಕಿಕೊಂಡು, "ಆ ಕಡೆ ಗಂಟು ನಾನು ಬಿಚ್ಚಲಾ?" ಎಂದಳು. ಮದುವೆಯಾದಾಗಿನಿಂದ ಅವಳು ಅಷ್ಟು ಮೃದುವಾಗಿ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ.

ಮೈದಾನದಲ್ಲಿ ಕಂಬ ನಿಲ್ಲಿಸಿ ತಂತಿ ಎಳೆಯುವಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತ್ತು. ಮೊದಲು ಬಂದವನು ಟೈಲರ್. ಕತ್ತಿನಲ್ಲಿ ಅಳತೆಯ ಟೇಪು, ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ದೊಡ್ಡ ಕತ್ತರಿ.

"ಮಂತ್ರಿಗಳು ಇದರಲ್ಲೇ ಕತ್ತರಿಸ್ಬೇಕು," ಎಂದ. "ನಮ್ಮ ತಾತ ತಂತಿ ಕಡಿದದ್ದು ಇದೇ ಕತ್ತರಿಯಿಂದ."

"ಬಟ್ಟೆ ಕತ್ತರಿಯಲ್ಲಿ ತಂತಿ ಕತ್ತರಿಸೋಕೆ ಆಗುತ್ತೇನಣ್ಣ?" ಎಂದ ವೈರ್‌ಮನ್, ಕಂಬದ ಮೇಲಿನಿಂದ.

"ದೇಶಭಕ್ತಿ ಇದ್ರೆ ಆಗುತ್ತೆ. ನಿಮ್ಮನೇಲಿ ಅದು ಇರಲಿಲ್ಲ, ನಿನಗೆ ಹೇಗೆ ಗೊತ್ತಾಗ್ಬೇಕು?"

ಅವನ ಹಿಂದೆಯೇ ಹಾರ್ಡ್‌ವೇರ್ ಅಂಗಡಿಯವರು ಒಂದು ಭಾರಿ ಇಕ್ಕಳ ಹೊರಿಸಿಕೊಂಡು ಬಂದರು. ಅದು ಅವರ ಅಜ್ಜನ ಇಕ್ಕಳ. ಅದರ ಹಿಡಿಯ ಮೇಲೆ ಅಂಗಡಿಯ ಬೆಲೆಚೀಟಿ ಇನ್ನೂ ಅಂಟಿಕೊಂಡಿತ್ತು. ಟೈಲರ್ ಅದನ್ನು ಎತ್ತಿ ತೋರಿಸಿದಾಗ ಅವರು, "ಅಜ್ಜ ಹೋರಾಟಕ್ಕೆ ಅಂತ ಅಂಗಡಿಯಿಂದಲೇ ತಗೊಂಡಿದ್ರು, ಆಮೇಲೆ ವಾಪಸ್ ಇಟ್ರು. ಪ್ರಾಮಾಣಿಕರು," ಎಂದರು.

ಇಬ್ಬರೂ ಮಾತಿಗೆ ಮಾತು ಬೆಳೆಸುತ್ತಿರುವಾಗ ನಿವೃತ್ತ ಹೆಡ್‌ಮಾಸ್ಟರು ಬಂದರು. ಅವರ ಕೈಯಲ್ಲಿ ಗಾಜಿನ ಡಬ್ಬಿ. ಡಬ್ಬಿಯೊಳಗೆ, ಹತ್ತಿಯ ಮೇಲೆ, ಒಂದು ಜೊತೆ ಹಲ್ಲು.

"ಇದೇನು ಸಾರ್?"

"ನಮ್ಮ ತಂದೆಯವರು ತಂತಿಯನ್ನು ಹಲ್ಲಿನಿಂದ ಕಡಿದರು. ಆಯುಧ ಹಿಡಿಯೋದು ಅವರ ಅಹಿಂಸೆಗೆ ಒಪ್ಪಲಿಲ್ಲ."

ವೈರ್‌ಮನ್ ಕೆಳಗಿಳಿದು ಬಂದು ಡಬ್ಬಿಯೊಳಗೆ ಇಣುಕಿದ. "ಸಾರ್, ಇವು ಕಟ್ಟಿಸಿದ ಹಲ್ಲು."

"ಮತ್ತಿನ್ನೇನು? ಸ್ವಂತದ್ದು ತಂತಿ ಕಡಿಯುವಾಗ ಹೋದವು. ಅದಕ್ಕೇ ಇವನ್ನ ಕಟ್ಟಿಸಿದ್ದು. ಇದಕ್ಕಿಂತ ಸಾಕ್ಷಿ ಬೇಕಾ?" ಎಂದು ಹೆಡ್‌ಮಾಸ್ಟರು ಗದರಿಸಿದರು. ಅವರು ಗದರಿಸಿದರೆ ಇಡೀ ಊರು ಇವತ್ತಿಗೂ ಬೆಂಚಿನ ಮೇಲೆ ನಿಂತಂತೆ ಆಗುತ್ತಿತ್ತು.

ಆದರೆ ಮಂತ್ರಿಗಳು ಹೆಡ್‌ಮಾಸ್ಟರ ತಂದೆಯ ಹಲ್ಲುಗಳಿಂದ ತಂತಿ ಕತ್ತರಿಸುವುದು ಹೇಗೆ ಎಂಬುದು ಬಗೆಹರಿಯಲಿಲ್ಲ. ಅಷ್ಟರಲ್ಲಿ ಇನ್ನೂ ಹಲವರು ಬಂದರು. ಒಬ್ಬರು ಕೊಡಲಿ ತಂದರು, ಒಬ್ಬರು ಗರಗಸ ತಂದರು. ಕ್ಷೌರಿಕ ಕತ್ತಿ ತೆಗೆದು ಗಾಳಿಯಲ್ಲಿ ಬೀಸಿದಾಗ ಎಲ್ಲರೂ ಹಿಂದೆ ಸರಿದು ಅವನಿಗೆ ಜಾಗ ಬಿಟ್ಟರು. ಸ್ವಾತಂತ್ರ್ಯ ಬಂದು ಅಷ್ಟು ವರ್ಷಗಳಾದ ಮೇಲೆ ಊರಿನವರು ಮೊದಲ ಸಲ ಆಯುಧ ಹಿಡಿದು ಬೀದಿಗಿಳಿದಿದ್ದರು, ಅದೂ ಪರಸ್ಪರರ ವಿರುದ್ಧ.

ಒಂದು ತಕರಾರೂ ಬರಬಾರದು ಎಂಬ ಅಧ್ಯಕ್ಷರ ಮಾತು ನೆನಪಾಗಿ ವೈರ್‌ಮನ್ ನಡುವೆ ಬಂದು ನಿಂತ. "ಅಣ್ಣಾ, ಸಾರ್, ಯಜಮಾನ್ರೇ, ಎಲ್ಲ ಸಾಮಾನೂ ಮೇಜಿನ ಮೇಲೆ ಇಡೋಣ. ಮಂತ್ರಿಗಳು ಯಾವುದು ಬೇಕೋ ಅದನ್ನ ತಗೊಳ್ಳಿ," ಎಂದು ಅಂಗಲಾಚಿದ, ಎಲ್ಲರ ಕಾಲು ಹಿಡಿಯುವುದೊಂದು ಬಾಕಿ. ಉಪಾಯ ಎಲ್ಲರಿಗೂ ಒಪ್ಪಿಗೆಯಾಯಿತು. ಮೇಜು ಬಂತು. ಈಗ ಮೇಜಿನ ಮೇಲೆ ಯಾವುದು ನಡುವೆ ಇರಬೇಕು ಎಂಬ ಜಗಳ ಶುರುವಾಯಿತು.

"ಮೊದಲು ಇದು ಕತ್ತರಿಸುತ್ತೋ ಇಲ್ಲವೋ ನೋಡೋಣ ಇರಿ," ಎಂದು ಟೈಲರ್ ಏಣಿ ಹತ್ತಿ ಕತ್ತರಿಯನ್ನು ತಂತಿಗೆ ಕೊಟ್ಟು ಒತ್ತಿದ. ಕತ್ತರಿಯ ಬಾಯಿ ಮುರಿಯಿತು. ಹಾರ್ಡ್‌ವೇರ್ ಅಂಗಡಿಯವರು ಗಹಗಹಿಸಿ ನಕ್ಕು, "ಈಗ ನೋಡು ಮಗನೇ," ಎಂದು ತಾವೂ ಏಣಿ ಹತ್ತಿ ಇಕ್ಕಳ ಹಾಕಿ ಎರಡೂ ಕೈಯಿಂದ ಅದುಮಿದರು. ಟಣ್ ಎಂದು ತಂತಿ ತುಂಡಾಗಿ ಎರಡು ಕಡೆಗೂ ಸುರುಳಿ ಸುತ್ತಿಕೊಂಡು ಹಾರಿತು.

ಅದೇ ಹೊತ್ತಿಗೆ ಮೈದಾನದ ಮೂಲೆಯಲ್ಲಿ ಕಾರುಗಳ ಸದ್ದು ಕೇಳಿಸಿತು.

"ಮಂತ್ರಿಗಳು ಬಂದ್ರು!" ಎಂದು ಬಾಮೈದ ಕೂಗಿದ. ಬೆಳಗಿನಿಂದ ಅವನು ಮಾಡಿದ ಕೆಲಸ ಅದೊಂದೇ. ಕತ್ತರಿ ಇಕ್ಕಳಗಳ ವಾರಸುದಾರರೆಲ್ಲ ಜಗಳ ಅಲ್ಲಿಗೇ ಬಿಟ್ಟು ಮೊದಲ ಸಾಲಿನ ಕುರ್ಚಿಗಳಿಗೆ ಓಡಿದರು. ಕಡಿದ ತಂತಿಯ ಹತ್ತಿರ ಉಳಿದವನು ವೈರ್‌ಮನ್ ಒಬ್ಬನೇ.

ಕಡಿದ ತಂತಿಯನ್ನು ಮಂತ್ರಿಗಳು ಹೇಗೆ ಕಡಿಯುತ್ತಾರೆ? ಅವನು ಸರಸರನೆ ಏಣಿ ಹತ್ತಿ, ಎರಡು ತುದಿಗಳನ್ನೂ ಎಳೆದು ಹಿಡಿದು ಒಂದರ ಮೇಲೊಂದು ತಿರುಚತೊಡಗಿದ. ಮಂತ್ರಿಗಳ ಕಾರಿನ ಬಾಗಿಲು ತೆರೆದಾಗ, ಅಧ್ಯಕ್ಷರು ನಡುಬಗ್ಗಿಸಿ ನಿಂತಾಗ, ಊರಿಗೆ ಊರೇ ತಲೆಯೆತ್ತಿ ನೋಡಿದಾಗ, ಏಣಿಯ ತುದಿಯಲ್ಲಿ ನಿಂತು ವೈರ್‌ಮನ್ ಹಲ್ಲು ಕಚ್ಚಿಕೊಂಡು ತಂತಿ ಕೂಡಿಸುತ್ತಿದ್ದ.

"ನೋಡಿದ್ರಾ?" ಎಂದು ಟೈಲರ್ ಜೋರಾಗಿಯೇ ಹೇಳಿದ. "ಇವತ್ತೂ ಬಿಡಲಿಲ್ಲ. ರಕ್ತದಲ್ಲೇ ಬಂದಿದೆ."

ಮೈದಾನ ಗೊಳ್ಳೆಂದಿತು. ಹೆಂಗಸರ ಸಾಲಿನಲ್ಲಿ ಕೂತಿದ್ದ ಅವನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಹಿಂದಿನ ಸಾಲಿನಲ್ಲಿ ಮಾವನವರೂ ಇದ್ದರು. ಅಳಿಯ ಕಾಯಂ ಆಗುವುದನ್ನು ನೋಡಲೆಂದು ಮಗಳು ಅವರನ್ನು ಅವಸರದಲ್ಲಿ ಕರೆಸಿಕೊಂಡಿದ್ದಳು. ವೈರ್‌ಮನ್ ಇಳಿದು ಬಂದು ಕಂಬದ ಹಿಂದೆ ನಿಂತ. ಕಂಬ ಇನ್ನಷ್ಟು ದಪ್ಪಗಿದ್ದಿದ್ದರೆ ಒಳ್ಳೆಯದಿತ್ತು ಎನ್ನಿಸಿತು.

ಮಂತ್ರಿಗಳು ಮೇಜಿನ ಮೇಲಿನ ಆಯುಧಗಳನ್ನು ಒಮ್ಮೆ ನೋಡಿದರು, ಹಲ್ಲುಗಳನ್ನು ಎರಡು ಸಲ ನೋಡಿದರು. ಕೊನೆಗೆ ಪಕ್ಕದಲ್ಲಿದ್ದ ವೈರ್‌ಮನ್‌ನ ಕೈಯಿಂದ ಕಟಿಂಗ್ ಪ್ಲೇಯರ್ ಇಸಿದುಕೊಂಡು, ಏಣಿ ಹತ್ತಿ, ಕಟ್ ಎಂದು ತಂತಿ ಕತ್ತರಿಸಿದರು. ಚಪ್ಪಾಳೆ ಬಿತ್ತು. ಮೊದಲ ಸಾಲಿನವರು ಮಾತ್ರ ತಟ್ಟಲಿಲ್ಲ. ಬೇರೆಯವರ ಸಾಮಾನು ಗೆಲ್ಲಲಿಲ್ಲವಲ್ಲ ಎಂಬ ಸಮಾಧಾನವೊಂದೇ ಅವರಿಗೆ ಉಳಿದದ್ದು.

ಭಾಷಣಗಳಾದವು. ಅಧ್ಯಕ್ಷರು, "ಈ ಊರಿನ ಮನೆ ಮನೆಯೂ ಒಂದೊಂದು ರಣರಂಗ," ಎಂದರು. ಅವರ ಮನೆಯ ಮಟ್ಟಿಗೆ ಅದು ನಿಜವೆಂದು ಹತ್ತಿರದವರಿಗೆಲ್ಲ ಗೊತ್ತಿತ್ತು. ಆಮೇಲೆ ಅವರು ಮೈಕಿನಲ್ಲಿ ಘೋಷಿಸಿದರು. "ಆ ಕಾಲವನ್ನು ಕಣ್ಣಾರೆ ಕಂಡವರು ಇವತ್ತು ನಮ್ಮ ನಡುವೆ ಒಬ್ಬರೇ ಇದ್ದಾರೆ. ಪೋಸ್ಟ್ ಆಫೀಸಿನ ಅಜ್ಜಿ. ಅವರು ಎರಡು ಮಾತು ಆಡಬೇಕು."

ಅಜ್ಜಿ ಆಗಿನ ಪೋಸ್ಟ್‌ಮಾಸ್ಟರ ಸೊಸೆ. ಹೊಸದಾಗಿ ಮದುವೆಯಾಗಿ ಪೋಸ್ಟ್ ಆಫೀಸಿನ ಹಿಂದಿನ ಮನೆಗೆ ಬಂದವರು ಇಂದಿಗೂ ಅದರ ಪಕ್ಕದ ಓಣಿಯಲ್ಲೇ ಇದ್ದರು. ಅವರು ಹೇಳಬೇಕಾದ ಎರಡು ಮಾತುಗಳನ್ನು ಅಧ್ಯಕ್ಷರು ಹಿಂದಿನ ದಿನವೇ ಬಾಯಿಪಾಠ ಮಾಡಿಸಿದ್ದರು. ಅಜ್ಜಿ ಮೈಕನ್ನು ಎರಡೂ ಕೈಯಿಂದ ಹಿಡಿದುಕೊಂಡು ಮೊದಲ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದರು.

"ನಿನ್ನೆ ಏನೋ ಹೇಳಿಕೊಟ್ರಪ್ಪ, ಮರೆತುಹೋಯ್ತು," ಎಂದರು. "ಗೊತ್ತಿರೋದು ಹೇಳ್ಲಾ?"

"ಹೇಳಿ ತಾಯೀ, ಧಾರಾಳವಾಗಿ ಹೇಳಿ," ಎಂದರು ಮಂತ್ರಿಗಳು.

"ಇವರ ಪೈಕಿ ಯಾರ ಮನೆಯವರೂ ತಂತಿ ಕಡೀಲಿಲ್ಲ."

ಮೈದಾನದಲ್ಲಿ ಕೆಮ್ಮುತ್ತಿದ್ದವರು ಕೆಮ್ಮುವುದನ್ನು ನಿಲ್ಲಿಸಿದರು.

"ಆಗ ಈ ಊರಿನೋರು ದೀಪ ಹಚ್ಚೋ ಹೊತ್ತಿಗೇ ಬಾಗಿಲು ಹಾಕಿ ಅಗಳಿ ಹಾಕ್ಕೊಳ್ತಿದ್ರು. ಬೆಳಿಗ್ಗೆ ಎದ್ದು ನಮ್ಮ ಮಾವನವರ ಹತ್ರ ಬರ್ತಿದ್ರು, ತಂತಿ ಹೋಗಿದೆ ಅಂತ ದೂರು ಹೇಳೋಕೆ. ಏ ಟೈಲರಪ್ಪಾ, ನಿಮ್ಮ ತಾತನ ತಂಗಿಗೆ ಆಗ ಹೆರಿಗೆ. ಟೆಲಿಗ್ರಾಂ ಬರಲಿಲ್ಲ ಅಂತ ತಾತ ನಮ್ಮ ಜಗಲಿ ಮೇಲೆ ಕೂತು ಅತ್ತಿದ್ರು. ತಂತಿ ಕಡಿದೋನ ಕೈ ಸೇದಿಹೋಗ ಅಂತ ಶಾಪ ಹಾಕಿದ್ರು. ಹೆಡ್‌ಮಾಸ್ಟ್ರೇ, ನಿಮ್ಮ ತಂದೆ ಹಲ್ಲು ಹೋಗಿದ್ದು ನಮ್ಮನೇ ಮೆಟ್ಟಿಲ ಮೇಲೆ. ಬೇಗ ತಂತಿ ಕೂಡಿಸಿ ಅಂತ ಜೋರು ಮಾಡೋಕೆ ಓಡಿಬಂದು ಮುಗ್ಗರಿಸಿದ್ರು. ಪಾಪ, ನಾನೇ ನೀರು ಕೊಟ್ಟೆ."

"ಹಾಗಾದ್ರೆ ಕಡಿದದ್ದು ಯಾರು ತಾಯೀ?" ಎಂದರು ಮಂತ್ರಿಗಳು. ಅವರು ಕುರ್ಚಿಯ ತುದಿಗೆ ಬಂದಿದ್ದರು.

"ಇನ್ಯಾರು, ಲೈನ್‌ಮನ್. ಇಕೋ, ಆ ಕಂಬದ ಹಿಂದೆ ಅಡಗಿ ನಿಂತಿದಾನಲ್ಲ, ಅವನ ತಾತ. ಹಗಲು ಕೂಡಿಸೋನು, ರಾತ್ರಿ ಕಡಿಯೋನು. ಯಾಕಣ್ಣಾ ಹೀಗೆ ಅಂತ ಒಂದಿನ ಕೇಳಿದೆ. 'ಕೂಡಿಸೋದು ಸಂಬಳಕ್ಕೆ ಕಣಮ್ಮ, ಕಡಿಯೋದು ಸಮಾಧಾನಕ್ಕೆ' ಅಂದ. ಸಿಕ್ಕಿಬಿದ್ದಿದ್ರೆ ನೇಣು ಹಾಕ್ತಿದ್ರು ಅವನನ್ನ. ನನಗೆ ಹೇಗೆ ಗೊತ್ತು ಅಂತೀರಾ? ಏಣಿ ಹಿಡಿದಿದ್ದೋಳು ನಾನೇ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಜ್ಜೀ?" ಎಂದು ಅಧ್ಯಕ್ಷರು ಹೆಚ್ಚುಕಡಿಮೆ ಅಳುವ ದನಿಯಲ್ಲಿ ಕೇಳಿದರು.

"ಅವನು ಇರೋವರೆಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದ. ಹೋದ ಮೇಲೆ, ಎಲ್ಲ ಬಂದು ನಮ್ಮ ತಾತ ಕಡಿದ್ರು, ನಮ್ಮಪ್ಪ ಕಡಿದ್ರು ಅಂತ ನನಗೇ ಹೇಳೋರು. ಕೇಳೋರು ಯಾರಿದ್ರಪ್ಪ?"

ಅಜ್ಜಿ ಮೈಕು ಬಿಟ್ಟು ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು.

ವೈರ್‌ಮನ್ ತಾತನನ್ನು ನೋಡಿರಲಿಲ್ಲ. ಅಪ್ಪನನ್ನು ನೋಡಿದ್ದ, ಅಪ್ಪ ಬೀದಿಯ ಅಂಚಿಗೆ ಸರಿದು ನಡೆಯುವುದನ್ನು ನೋಡಿದ್ದ. ಅಪ್ಪ ಈ ಮಾತನ್ನು ಒಂದೇ ಒಂದು ಸಲ ಕೇಳಿಕೊಂಡು ಸತ್ತಿದ್ದರೆ ಎನ್ನಿಸಿ ಅವನ ಕಣ್ಣಿನಲ್ಲಿ ನೀರು ತುಂಬಿತು. ಎಲ್ಲರೆದುರು ಕಂಬವನ್ನು ತಬ್ಬಿಕೊಂಡು ಅವನು ಅತ್ತುಬಿಟ್ಟ.

ಆ ಊರಿನವರಿಗೆ ಇತಿಹಾಸದ ಜೊತೆ ಹೊಂದಿಕೊಂಡು ಹೋಗುವುದು ಹೊಸದೇನಲ್ಲ. ಮೊದಲು ಎದ್ದವರು ಹೆಡ್‌ಮಾಸ್ಟರು. "ಲೈನ್‌ಮನ್‌ಗೆ ಸ್ಫೂರ್ತಿ ನೀಡಿದವರೇ ನಮ್ಮ ತಂದೆ," ಎಂದರು. ಟೈಲರ್, "ನಮ್ಮ ತಾತ ಶಾಪ ಹಾಕಿದ್ದು ಬರೀ ನಾಟಕ, ಪೊಲೀಸರ ಕಣ್ಣಿಗೆ ಮಣ್ಣೆರಚೋಕೆ!" ಎಂದು ಎದೆ ತಟ್ಟಿಕೊಂಡ. ಹಾರ್ಡ್‌ವೇರ್ ಅಂಗಡಿಯವರು ಕಡಿಯಲು ಬೇಕಾದ ಇಕ್ಕಳ ತಮ್ಮ ಅಂಗಡಿಯಿಂದಲೇ ಹೋಗಿರಬೇಕೆಂದು ಪಕ್ಕದವರಿಗೆ ವಿವರಿಸತೊಡಗಿದರು. ನೋಡುನೋಡುತ್ತಿದ್ದಂತೆ ತಂತಿ ಕಡಿದವರೆಲ್ಲ ಏಣಿ ಹಿಡಿದವರಾದರು.

ಅಷ್ಟರಲ್ಲಿ ಮಂತ್ರಿಗಳು ವೇದಿಕೆಯಿಂದಿಳಿದು ನೇರವಾಗಿ ಕಂಬದ ಬಳಿ ಬಂದು ವೈರ್‌ಮನ್‌ನನ್ನು ಅಪ್ಪಿಕೊಂಡರು. ಫೋಟೋದವರು ಮೂರೂ ಕಡೆಯಿಂದ ಮುತ್ತಿಕೊಂಡರು. ಮಂತ್ರಿಗಳೇ ಅವನನ್ನು ಕೈಹಿಡಿದು ಕರೆದುಕೊಂಡು ಹೋಗಿ ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಆ ಕುರ್ಚಿಯಲ್ಲಿ ಇದ್ದ ಹೆಡ್‌ಮಾಸ್ಟರು ಎದ್ದು ಜಾಗ ಬಿಟ್ಟರು. ಹೆಂಗಸರ ಸಾಲಿನಲ್ಲಿ ಹೆಂಡತಿ ಮುಖದಿಂದ ಸೆರಗು ತೆಗೆದಿದ್ದಳು. ಮಾವನವರು ಪಕ್ಕದಲ್ಲಿದ್ದ ಪರಿಚಯವಿಲ್ಲದವರಿಗೆಲ್ಲ, "ನಮ್ಮ ಅಳಿಯಂದಿರು, ನಮ್ಮ ಅಳಿಯಂದಿರು," ಎನ್ನುತ್ತಿದ್ದರು. ಟೆಂಪೊರರಿ ಎನ್ನಲಿಲ್ಲ. ಅದು ಮೊದಲ ಸಾಲಿನವರೆಗೂ ಕೇಳಿಸಿತು.

ಇದೇ ಹೊತ್ತು ಎಂದು ಅಧ್ಯಕ್ಷರು ಲಕೋಟೆ ತೆಗೆದು ಮಂತ್ರಿಗಳ ಕೈಗಿತ್ತರು. "ಸ್ವಾಮೀ, ಇದು ಇವರ ಕಾಯಂ ಆದೇಶ. ತಮ್ಮ ಅಮೃತಹಸ್ತದಿಂದ."

ಮಂತ್ರಿಗಳು ಲಕೋಟೆ ಬಿಚ್ಚಿ ಓದಿದರು. ಅವರ ಹುಬ್ಬು ಗಂಟಿಕ್ಕಿತು.

"ಏನ್ರೀ ಇದು? ಪುರಸಭೆಯ ವೈರ್‌ಮನ್?"

"ಹೌದು ಸ್ವಾಮೀ. ಬಹಳ ವರ್ಷದಿಂದ ತಾತ್ಕಾಲಿಕವಾಗಿ..."

"ನಾಚಿಕೆ ಆಗಲ್ವೇನ್ರೀ ನಿಮಗೆ?" ಮಂತ್ರಿಗಳು ಮೈಕನ್ನು ಎಳೆದುಕೊಂಡರು. ಅವರ ದನಿ ಮೈದಾನ ದಾಟಿ ಮುಖ್ಯ ರಸ್ತೆಗೆ ಕೇಳಿಸಿತು. "ಯಾವ ಮಹಾನುಭಾವ ಪ್ರಾಣ ಒತ್ತೆಯಿಟ್ಟು ಕಂಬ ಹತ್ತಿ ಈ ದೇಶಕ್ಕೆ ಸ್ವಾತಂತ್ರ್ಯ ತಂದನೋ, ಅವನ ಮೊಮ್ಮಗನನ್ನ ಮತ್ತೆ ಕಂಬ ಹತ್ತಿಸ್ತೀರಾ? ಹೋರಾಟಗಾರನ ವಂಶವನ್ನ ಬೀದಿದೀಪದ ಬಲ್ಬ್ ಬದಲಾಯಿಸೋಕೆ ಹಚ್ಚಿದೀರಾ? ನಾನು ಇರೋವರೆಗೂ ಇಂಥ ಅವಮಾನ ಆಗೋಕೆ ಬಿಡಲ್ಲ!"

ಹೀಗೆಂದವರೇ ಆದೇಶವನ್ನು ಅಡ್ಡಡ್ಡ ಹರಿದರು. ಆಮೇಲೆ ಉದ್ದುದ್ದ ಹರಿದರು.

ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ದಿನದ ಅತಿ ದೊಡ್ಡ ಚಪ್ಪಾಳೆ ಅದು. ಟೈಲರ್ ಸಿಳ್ಳೆ ಹೊಡೆದ.

ಅಧ್ಯಕ್ಷರ ಮುಖ ಒಂದು ಕ್ಷಣ ಬಾಡಿತು, ಮರುಕ್ಷಣ ಅರಳಿತು. ಅವರು ಮಂತ್ರಿಗಳ ಕಿವಿಯ ಬಳಿ ಬಗ್ಗಿದರು. "ಸ್ವಾಮೀ, ಹಾಗಾದ್ರೆ ಆ ಹುದ್ದೆ ಖಾಲಿ ಬೀಳುತ್ತಲ್ಲ. ಊರಿಗೆ ದೀಪ ಬೇಕು. ಯಾವ ಹೋರಾಟದ ಹಿನ್ನೆಲೆಯೂ ಇಲ್ಲದ ಒಬ್ಬ ಹುಡುಗ ಇದಾನೆ. ಅವನ ವಂಶದಲ್ಲಿ ಯಾರೂ ಏನೂ ಮಾಡಿಲ್ಲ, ನಾನೇ ಹೊಣೆ."

"ಅಂಥವನನ್ನೇ ಹಾಕಿ," ಎಂದರು ಮಂತ್ರಿಗಳು. ಬಾಮೈದ ಓಡಿಬಂದು ಅವರ ಕಾಲಿಗೆ ಬಿದ್ದ.

ವೈರ್‌ಮನ್ ಕುರ್ಚಿಯಿಂದ ಎದ್ದ. ಪಕ್ಕದವರು ಭುಜ ಹಿಡಿದು ಕೂರಿಸಿದರು. "ನೀವು ಏಳಬಾರದು," ಎಂದರು ಹೆಡ್‌ಮಾಸ್ಟರು, ಹುಟ್ಟಿದಾಗಿನಿಂದ ಮೊದಲ ಸಲ ಅವನಿಗೆ ಬಹುವಚನ ಕೊಟ್ಟು. ಅವನು ಮತ್ತೆ ಎದ್ದ. ಮತ್ತೆ ಕೂರಿಸಿದರು. ಮೂರನೆಯ ಸಲ ಅವನು ಕೂತಲ್ಲಿಂದಲೇ ಕೇಳಿದ:

"ಸ್ವಾಮೀ, ಹಾಗಾದ್ರೆ ನಾಳೆಯಿಂದ ನಾನು ಏನು ಮಾಡ್ಲಿ?"

ಮಂತ್ರಿಗಳು ಅವನ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ಅವರ ಕಣ್ಣಿನಲ್ಲಿ ನಿಜವಾಗಿಯೂ ನೀರಿತ್ತು.

"ಏನೂ ಮಾಡಬೇಡಿ," ಎಂದರು. "ನಿಮ್ಮ ತಾತ ಮಾಡಿದ್ದೇ ಸಾಕು."